ರಾಜಕೀಯದ ಅಣಕು ಹಾಡು ಹಾಡಿಕೊಂಡೇ ಟಿವಿಯಲ್ಲಿ ಬದುಕಬಹುದಾ?

ಪ್ರಶ್ನೆ: ಕಾಲೇಜು ದಿನಗಳಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ರಾಜಕೀಯದ ಮೇಲೆ ತಮಾಷೆ ಹಾಡು ಕಟ್ಟಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹಾಕುತ್ತೇನೆ. ಒಂದೆರಡು ಚೆನ್ನಾಗಿ ಓಡಿದವು. ಆದರೆ ಹದಿನೈದು ದಿನ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಇದನ್ನೇ ವೃತ್ತಿ ಮಾಡಿಕೊಂಡು ಟಿವಿಯಲ್ಲಿ ವರ್ಷಗಟ್ಟಲೆ ಉಳಿದವರು ಎಲ್ಲಾದರೂ ಇದ್ದಾರಾ? ಇದ್ದರೆ ಹೇಗೆ ಉಳಿದರು? ಸಿನಿಮಾ ಹಾಡಿನ ಟ್ಯೂನ್ ಬಳಸಿದರೆ ತೊಂದರೆ ಆಗುತ್ತಾ?

ಉತ್ತರ: ಇದ್ದರು. ಅಮೆರಿಕದ ಮಾರ್ಕ್ ರಸೆಲ್. 1975ರಿಂದ 2004ರವರೆಗೆ ಅಲ್ಲಿನ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ ವರ್ಷಕ್ಕೆ ಹಲವು ಸಲ ಅರ್ಧ ಗಂಟೆಯ ಕಾರ್ಯಕ್ರಮ ಕೊಡುತ್ತಿದ್ದರು. ವೇದಿಕೆ ಮೇಲೆ ಅವರೊಬ್ಬರೇ. ಹಿಂದೆ ಬ್ಯಾಂಡ್ ಇಲ್ಲ, ಜೊತೆಗೆ ನಟರಿಲ್ಲ. ಒಂದು ಪಿಯಾನೋ, ಅದಕ್ಕೆ ಅಮೆರಿಕದ ಬಾವುಟದ ನಕ್ಷತ್ರಗಳ ಅಲಂಕಾರ. ದಪ್ಪ ಫ್ರೇಮಿನ ಕನ್ನಡಕ, ಕೊರಳಲ್ಲಿ ಬೋ ಟೈ. ನಿಂತುಕೊಂಡೇ ನುಡಿಸುತ್ತಿದ್ದರು. ಒಂದಷ್ಟು ಮಾತು, ಒಂದು ಹಾಡು, ಮತ್ತೆ ಮಾತು, ಮತ್ತೆ ಹಾಡು. ಅಷ್ಟೇ ಕಾರ್ಯಕ್ರಮ. ಇದರಲ್ಲೇ ಸುಮಾರು ಮೂವತ್ತು ವರ್ಷ ಟಿವಿಯಲ್ಲಿ ಉಳಿದರು.

ನೀವು ಬೇಜಾರಿನಿಂದ ಬರೆದ ಆ ಹದಿನೈದು ದಿನದ ಮಾತು ಅವರಿಗೂ ಅನ್ವಯಿಸುತ್ತದೆ. ಅವರ ಹಾಡುಗಳಲ್ಲಿ ಒಂದನ್ನಾದರೂ ಇವತ್ತು ಗುನುಗುವವರು ಸಿಗುವುದು ಕಷ್ಟ. ಆ ವಾರ ಯಾವ ಸೆನೆಟರ್ (ಅಮೆರಿಕದ ಸಂಸತ್ತಿನ ಮೇಲ್ಮನೆ ಸದಸ್ಯ) ಏನು ಅಂದ, ಯಾವ ಮಂತ್ರಿ ಯಾಕೆ ರಾಜೀನಾಮೆ ಕೊಟ್ಟ ಅನ್ನುವುದು ಗೊತ್ತಿಲ್ಲದಿದ್ದರೆ ಆ ಹಾಡಿನಲ್ಲಿ ನಗುವುದಕ್ಕೆ ಏನೂ ಇರುವುದಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬರೆದರು. ನನ್ನ ಪ್ರಕಾರ ಈ ವೃತ್ತಿಯ ಒಳಗುಟ್ಟು ಇದೇ. ಹಾಡು ಬೇಗ ಸಾಯುತ್ತದೆ ಅನ್ನುವುದನ್ನು ಒಪ್ಪಿಕೊಂಡು, ಮುಂದಿನ ಹಾಡಿಗೆ ಕೂರುವವರಿಗೆ ಮಾತ್ರ ಇದು ವೃತ್ತಿ ಆಗುತ್ತದೆ. ಒಂದು ಹಾಡು ಇಪ್ಪತ್ತು ವರ್ಷ ಬಾಳಬೇಕು ಅನ್ನುವ ಆಸೆ ಇದ್ದರೆ ಅದೂ ಒಳ್ಳೆಯ ಆಸೆಯೇ, ಆದರೆ ಆ ದಾರಿ ಬೇರೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಅವರು ಟಿವಿಗೆ ಹೇಗೆ ಬಂದರು ನೋಡಿ, ಯಾಕಂದರೆ ಎಲ್ಲರೂ ಇಲ್ಲೇ ತಪ್ಪು ತಿಳಿಯುವುದು. ಟಿವಿ ಸಿಕ್ಕಿದ್ದರಿಂದ ಅವರು ಬೆಳೆದದ್ದಲ್ಲ. ಹುಟ್ಟಿದ್ದು 1932ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನಲ್ಲಿ. ಸ್ವಲ್ಪ ಕಾಲ ನೌಕಾಪಡೆಯ ಮರೀನ್ ದಳದಲ್ಲಿದ್ದರು. 1950ರ ದಶಕದಲ್ಲಿ ವಾಷಿಂಗ್ಟನ್‌ನ ಕ್ಯಾರಲ್ ಆರ್ಮ್ಸ್ ಅನ್ನುವ ಹೋಟೆಲಿನ ಬಾರ್‌ನಲ್ಲಿ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದರು. ಆ ಹೋಟೆಲ್ ಇದ್ದದ್ದು ಸೆನೆಟ್ ಕಚೇರಿಗಳ ಹತ್ತಿರವೇ. ಸಂಜೆ ಅಲ್ಲಿಗೆ ಬಂದು ಕೂರುತ್ತಿದ್ದವರು ಸೆನೆಟರ್‌ಗಳು, ಅವರ ಸಿಬ್ಬಂದಿ, ಲಾಬಿ ಮಾಡುವವರು, ವರದಿಗಾರರು. ಅಂದರೆ ಯಾರ ಮೇಲೆ ಹಾಡಬೇಕೋ ಅವರೇ ಎದುರಿಗಿದ್ದರು, ಕೈಯಲ್ಲಿ ಗ್ಲಾಸ್ ಹಿಡಿದುಕೊಂಡು.

ಅಂಥ ಜಾಗ ಏನೇನು ಕಲಿಸುತ್ತದೆ ಅಂತ ಯೋಚಿಸಿ. ಸುದ್ದಿಯನ್ನು ತಪ್ಪಾಗಿ ಹೇಳಿದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ, ಯಾಕಂದರೆ ಒಳಗಿನ ಕಥೆ ಗೊತ್ತಿರುವವನು ಮೂರನೇ ಟೇಬಲ್‌ನಲ್ಲಿ ಕೂತಿರುತ್ತಾನೆ. ನಿನ್ನೆಯ ಜೋಕನ್ನೇ ಇವತ್ತೂ ಹೇಳುವ ಹಾಗಿಲ್ಲ, ನಿನ್ನೆ ಬಂದವರೇ ಇವತ್ತೂ ಬಂದಿರುತ್ತಾರೆ. ಸುಮ್ನೆ ಬೈದರೆ ಯಾರೂ ನಗುವುದಿಲ್ಲ. ಬೈದದ್ದರಲ್ಲಿ ಒಂದು ನಿಜ ಇದ್ದು, ಅದನ್ನು ಅವರು ನಿರೀಕ್ಷಿಸದ ಕಡೆಯಿಂದ ಹೇಳಿದರೆ ಮಾತ್ರ ನಗು. ಆಮೇಲೆ 1961ರಿಂದ ಸುಮಾರು ಇಪ್ಪತ್ತು ವರ್ಷ ಅದೇ ಊರಿನ ಶೋರ್‌ಹ್ಯಾಮ್ ಹೋಟೆಲಿನಲ್ಲಿ ಹಾಡಿದರು. ಪಿಬಿಎಸ್ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಟಿವಿ ಶುರುವಾದ ಮೇಲೂ ಕೆಲವು ವರ್ಷ ಹೋಟೆಲ್ ಬಿಡಲಿಲ್ಲ. ಹೋಟೆಲಿನ ಆ ಕೋಣೆಯೇ ಅವರ ನಿಜವಾದ ಕೆಲಸದ ಜಾಗ, ಟಿವಿ ಅದನ್ನು ದೂರದವರಿಗೆ ತಲುಪಿಸಿತು.

ನಡುವೆ ವಾಟರ್‌ಗೇಟ್ ಬಂತು. 1972ರ ಜೂನ್‌ನಲ್ಲಿ ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದವರು ಸಿಕ್ಕಿಬಿದ್ದರು. ಅದರ ಎಳೆ ಹಿಡಿದು ಹೋಗಿ 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಯಿತು. ಆ ಎರಡು ವರ್ಷ ತಾನು ಹೊಸದಾಗಿ ಬರೆಯುವುದೇ ಬೇಕಿರಲಿಲ್ಲ, ಸುದ್ದಿಸಂಸ್ಥೆಯ ಯಂತ್ರದಿಂದ ಬಂದ ಹಾಳೆ ಹರಿದುಕೊಂಡು ಹಾಗೇ ಓದಿದರೆ ಸಾಕಿತ್ತು, ನಿಕ್ಸನ್ ಹೋದ ಮೇಲೆ ಮತ್ತೆ ಬರೆಯುವ ಕೆಲಸ ಶುರುವಾಯಿತು ಅನ್ನುವ ಅರ್ಥದಲ್ಲಿ ರಸೆಲ್ ಹೇಳುತ್ತಿದ್ದರು. ನಿಮಗೆ ಬರೆದುಕೊಡುವವರು ಇದ್ದಾರಾ ಅಂತ ಕೇಳಿದರೆ ಅವರ ಉತ್ತರ ಪ್ರಸಿದ್ಧ: 535 ಜನ ಇದ್ದಾರೆ, ನೂರು ಜನ ಸೆನೆಟ್‌ನಲ್ಲಿ, 435 ಜನ ಕೆಳಮನೆಯಲ್ಲಿ. ಇದು ಬರೀ ಜೋಕ್ ಅಲ್ಲ, ಕೆಲಸದ ಕ್ರಮವೂ ಹೌದು. ದಿನಾ ಪೇಪರ್ ಓದಬೇಕು, ಪೂರ್ತಿ ಓದಬೇಕು, ಒಳಪುಟದ ಸಣ್ಣ ಸುದ್ದಿ ಸಹ. ಹೆಡ್‌ಲೈನ್ ಮೇಲೆ ಎಲ್ಲರೂ ಜೋಕ್ ಮಾಡುತ್ತಾರೆ, ಆರನೇ ಪ್ಯಾರಾದಲ್ಲಿರುವುದನ್ನು ಹಿಡಿದವನ ಹಾಡು ಬೇರೆಯೇ ನಿಲ್ಲುತ್ತದೆ.

ಅವರ ಟಿವಿ ಕಾರ್ಯಕ್ರಮ ವಾಷಿಂಗ್ಟನ್‌ನಿಂದಲೋ ನ್ಯೂಯಾರ್ಕ್ ನಗರದಿಂದಲೋ ಬರುತ್ತಿರಲಿಲ್ಲ. ಹುಟ್ಟೂರು ಬಫಲೊದ ಡಬ್ಲ್ಯುಎನ್‌ಇಡಿ ಅನ್ನುವ ಕೇಂದ್ರ ಅದನ್ನು ತಯಾರಿಸುತ್ತಿತ್ತು. ಅಲ್ಲಿನ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಜನ ಕೂರಿಸಿ ನೇರ ಪ್ರಸಾರ ಮಾಡುತ್ತಿದ್ದರು. ಈ ನೇರ ಪ್ರಸಾರ ಅನ್ನುವುದು ಎಷ್ಟು ದೊಡ್ಡ ವಿಷಯ ಅನ್ನುವುದು ಬೇರೆಯವರ ಗತಿ ನೋಡಿದರೆ ತಿಳಿಯುತ್ತದೆ.

ಟಾಮ್ ಮತ್ತು ಡಿಕ್ ಸ್ಮದರ್ಸ್ ಅಂತ ಅಣ್ಣತಮ್ಮ ಇದ್ದರು. ಅಣ್ಣ ಗಿಟಾರ್, ತಮ್ಮ ಬೇಸ್. ಜಾನಪದ ಹಾಡು ಹಾಡುತ್ತಾ ನಡುವೆ ಜಗಳ ಆಡುವ ಜೋಡಿ. ನೋಡುವುದಕ್ಕೆ ಒಳ್ಳೆ ಮನೆತನದ ಹುಡುಗರು. 1967ರ ಫೆಬ್ರವರಿಯಲ್ಲಿ ಸಿಬಿಎಸ್ ಚಾನೆಲ್ ಅವರಿಗೆ ವಾರಕ್ಕೊಂದು ಗಂಟೆ ಕೊಟ್ಟಿತು. ವಿಯೆಟ್ನಾಂ ಯುದ್ಧದ ಕಾಲ ಅದು. ಹೋಗ್ತಾ ಹೋಗ್ತಾ ಕಾರ್ಯಕ್ರಮ ಖಾರ ಆಯಿತು. ಎಡಪಂಥೀಯ ಅನ್ನುವ ಕಾರಣಕ್ಕೆ ವರ್ಷಗಳಿಂದ ದೊಡ್ಡ ಚಾನೆಲ್‌ಗಳು ದೂರ ಇಟ್ಟಿದ್ದ ಗಾಯಕ ಪೀಟ್ ಸೀಗರ್‌ನನ್ನು ಕರೆಸಿ ಯುದ್ಧದ ವಿರುದ್ಧದ ಹಾಡು ಹಾಡಿಸಿದರು. ಚಾನೆಲ್ ಆ ಹಾಡನ್ನೇ ಕತ್ತರಿಸಿತು. ಗಲಾಟೆ ಆದ ಮೇಲೆ 1968ರಲ್ಲಿ ಸೀಗರ್ ಮತ್ತೆ ಬಂದು ಅದೇ ಹಾಡು ಹಾಡಿದರು, ಆಗ ಪ್ರಸಾರ ಆಯಿತು. ಆದರೆ ಚಾನೆಲ್ ಒಂದು ನಿಯಮ ಹಿಡಿದುಕೊಂಡಿತು: ಟೇಪ್ ಮೊದಲೇ ಕಳಿಸಬೇಕು, ಊರೂರಿನ ಕೇಂದ್ರದವರು ನೋಡಬೇಕು. ಟೇಪ್ ಸಮಯಕ್ಕೆ ಬರಲಿಲ್ಲ ಅನ್ನುವ ಕಾರಣ ಕೊಟ್ಟು 1969ರ ಏಪ್ರಿಲ್‌ನಲ್ಲಿ ಕಾರ್ಯಕ್ರಮ ನಿಲ್ಲಿಸಿದರು. ಅಣ್ಣತಮ್ಮ ಕೋರ್ಟಿಗೆ ಹೋಗಿ 1973ರಲ್ಲಿ ಗೆದ್ದರು. ಹಣ ಬಂತು, ಹೋದ ಕಾರ್ಯಕ್ರಮ ಆಗ ಮರಳಿ ಬರಲಿಲ್ಲ.

ಮೊದಲೇ ಟೇಪ್ ಆಗಿರುವ ಹಾಡನ್ನು ಕತ್ತರಿಸುವುದು ಸುಲಭ. ನೇರ ಪ್ರಸಾರದಲ್ಲಿ ಕತ್ತರಿಸುವುದಕ್ಕೆ ಕೈಗೆ ಏನೂ ಸಿಗುವುದಿಲ್ಲ. ಜೊತೆಗೆ ಪಿಬಿಎಸ್‌ಗೆ ಸೋಪು, ಕಾರಿನ ಜಾಹೀರಾತುದಾರರ ಹೆದರಿಕೆ ಇರಲಿಲ್ಲ. ಆದರೆ ಸಾರ್ವಜನಿಕ ಪ್ರಸಾರಕ್ಕೆ ಬರುವ ಸರ್ಕಾರಿ ಹಣವನ್ನು ಮಂಜೂರು ಮಾಡುತ್ತಿದ್ದದ್ದು ಅಮೆರಿಕದ ಸಂಸತ್ತೇ. ಯಾರನ್ನು ಹಾಡಿನಲ್ಲಿ ಎಳೆಯುತ್ತಾರೋ ಅವರ ಕೈಯಲ್ಲೇ ಗಂಟಿನ ದಾರ. ಹೀಗಿದ್ದೂ ಕಾರ್ಯಕ್ರಮ ಅಷ್ಟು ವರ್ಷ ನಡೆಯಿತು ಅಂದರೆ ಅದಕ್ಕೆ ಒಂದು ಕಾರಣ ಇತ್ತು, ಅದನ್ನು ಮುಚ್ಚಿಡದೆ ಹೇಳಬೇಕು.

ರಸೆಲ್ ಮೆದು. ಎರಡೂ ಪಕ್ಷಕ್ಕೆ ಸಮನಾಗಿ ಹಂಚುತ್ತಿದ್ದರು, ಐಸೆನ್‌ಹೋವರ್ ಕಾಲದಿಂದ ಒಬಾಮಾವರೆಗೆ ಯಾವ ಅಧ್ಯಕ್ಷರನ್ನೂ ಬಿಡಲಿಲ್ಲ. ಆದರೆ ಗಾಯ ಆಗುವಷ್ಟು ಆಳಕ್ಕೆ ಹೋಗುವುದು ಕಡಿಮೆ. ಹಾಡಿನಲ್ಲಿ ಹೆಸರು ಬಂದರೆ ರಾಜಕಾರಣಿಗಳಿಗೆ ಖುಷಿಯೇ ಆಗುತ್ತಿತ್ತು. ಇದು ವಿಡಂಬನೆಯಾ, ಇಲ್ಲ ಊಟದ ನಂತರದ ಮನರಂಜನೆಯಾ ಅಂತ ಟೀಕಿಸಿದವರು ಅಲ್ಲೇ ಇದ್ದರು. ಟೀಕೆಯಲ್ಲಿ ಹುರುಳಿದೆ ಅಂತಲೇ ನನಗೂ ಅನಿಸುತ್ತದೆ. ಒಂದು ಯುದ್ಧ ನಡೆಯುತ್ತಿರುವಾಗ, ಜನ ಸಾಯುತ್ತಿರುವಾಗ ಎರಡೂ ಕಡೆಗೂ ಅಳೆದು ತೂಗಿ ಸಮನಾಗಿ ಚುಚ್ಚುವುದು ನ್ಯಾಯ ಅಲ್ಲ. ಆ ವಿಷಯದಲ್ಲಿ ನನ್ನ ಮನಸ್ಸು ಸ್ಮದರ್ಸ್ ಸಹೋದರರ ಕಡೆಗೆ. ಆದರೆ ನೀವು ಕೇಳಿದ್ದು ಉಳಿಯುವುದರ ಬಗ್ಗೆ. ಎರಡು ವರ್ಷ ಉರಿದು ಹೋದವರು ಮತ್ತು ಮೂವತ್ತು ವರ್ಷ ಉಳಿದವರು, ಇಬ್ಬರ ನಡುವಿನ ವ್ಯತ್ಯಾಸದಲ್ಲಿ ಈ ಮೆದುತನದ್ದೂ ಒಂದು ಪಾಲಿದೆ. ಯಾವುದನ್ನು ಆರಿಸಿಕೊಳ್ಳುತ್ತೀರಿ ಅನ್ನುವುದನ್ನು ನೀವೇ ತೀರ್ಮಾನ ಮಾಡಬೇಕು, ಅದೂ ಮೊದಲೇ. ಕಾರ್ಯಕ್ರಮ ಸಿಕ್ಕ ಮೇಲೆ ಯೋಚಿಸೋಣ ಅಂದರೆ ಚಾನೆಲ್‌ನವರು ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತಾರೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬರೀ ಟಿವಿ ನಂಬಿ ಅವರು ಬದುಕಲಿಲ್ಲ. ಊರೂರು ತಿರುಗಿ ಸಮ್ಮೇಳನ, ಸಭಾಂಗಣಗಳಲ್ಲಿ ಹಾಡುತ್ತಿದ್ದರು, ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು, ಎನ್‌ಬಿಸಿ ಚಾನೆಲ್‌ನ ಒಂದು ಕಾರ್ಯಕ್ರಮದಲ್ಲಿ ನಿರೂಪಕರ ತಂಡದಲ್ಲೂ ಕೆಲವು ಕಾಲ ಇದ್ದರು. ಟಿವಿಯಿಂದ ಹೆಸರು, ಹೆಸರಿನಿಂದ ಊರೂರಿನ ಕಾರ್ಯಕ್ರಮ. 2010ರಲ್ಲಿ ನಿವೃತ್ತಿ ಅಂದರು, ಸುಮ್ಮನಿರಲಾಗದೆ ಮತ್ತೆ ಬಂದರು, 2016ರಲ್ಲಿ ಪೂರ್ತಿ ನಿಲ್ಲಿಸಿದರು. 2023ರ ಮಾರ್ಚ್ 30ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡಾಗ ತೊಂಬತ್ತು ವರ್ಷ.

ಈಗ ಇನ್ನೊಂದು ದಾರಿ. ಟಾಮ್ ಲೆಹ್ರರ್. ಹಾರ್ವರ್ಡ್‌ನಲ್ಲಿ ಗಣಿತ ಓದಿದವರು, ಗಣಿತ ಪಾಠ ಮಾಡಿದವರು, ಪಿಯಾನೋ ನುಡಿಸುತ್ತಾ ಹಾಡು ಕಟ್ಟಿದವರು. ಬ್ರಿಟನ್ನಿನ ಬಿಬಿಸಿಯಲ್ಲಿ 1962ರಲ್ಲಿ ವಾರದ ಸುದ್ದಿಯನ್ನು ಗೇಲಿ ಮಾಡುವ ಕಾರ್ಯಕ್ರಮ ಒಂದು ಶುರುವಾಗಿತ್ತು, ಡೇವಿಡ್ ಫ್ರಾಸ್ಟ್ ನಿರೂಪಕ. ಅದರ ಶುರುವಿನ ಹಾಡನ್ನು ಮಿಲಿಸೆಂಟ್ ಮಾರ್ಟಿನ್ ಹಾಡುತ್ತಿದ್ದರು. ಟ್ಯೂನ್ ಪ್ರತಿ ವಾರ ಅದೇ, ಪದಗಳು ಮಾತ್ರ ಆ ವಾರದ ಸುದ್ದಿಗೆ ತಕ್ಕಂತೆ ಹೊಸವು. (ಇದನ್ನು ನೀವು ನಾಳೆಯಿಂದಲೇ ಮಾಡಬಹುದು. ಟ್ಯೂನ್ ಕಿವಿಗೆ ರೂಢಿಯಾದ ಮೇಲೆ ಜನರ ಗಮನ ಪೂರ್ತಿ ಪದದ ಕಡೆ ಇರುತ್ತದೆ.) ಮುಂದಿನ ವರ್ಷ ಚುನಾವಣೆ ಇದೆ ಅಂತ 1963ರ ಕೊನೆಗೆ ಬಿಬಿಸಿ ಅದನ್ನು ನಿಲ್ಲಿಸಿತು. ಅದರದೇ ಅಮೆರಿಕನ್ ಆವೃತ್ತಿ ಎನ್‌ಬಿಸಿಯಲ್ಲಿ 1964ರ ಜನವರಿಯಿಂದ 1965ರ ಮೇವರೆಗೆ ನಡೆಯಿತು. ಲೆಹ್ರರ್ ಅದಕ್ಕೆ ಹಾಡು ಬರೆದುಕೊಟ್ಟರು, ಹಾಡಿದ್ದು ಬೇರೆಯವರು. ಚಾನೆಲ್‌ನವರು ಪದ ಬದಲಿಸುತ್ತಿದ್ದರು, ಸಾಲು ತೆಗೆಯುತ್ತಿದ್ದರು. ಅದಕ್ಕೇ 1965ರಲ್ಲಿ ಆ ಹಾಡುಗಳನ್ನು ತಾವು ಬರೆದ ಹಾಗೇ ತಾವೇ ಹಾಡಿ ರೆಕಾರ್ಡ್ ಮಾಡಿದರು. ಆ ರೆಕಾರ್ಡನ್ನು ಜನ ಇವತ್ತಿಗೂ ಕೇಳುತ್ತಾರೆ.

ಯಾಕೆ ಕೇಳುತ್ತಾರೆ? ವಿಷಯ ನೋಡಿ. ಒಂದೊಂದೇ ದೇಶ ಅಣುಬಾಂಬ್ ಮಾಡಿಕೊಳ್ಳುತ್ತಾ ಹೋಗುವುದು, ನಗರಗಳ ಗಾಳಿ ನೀರು ಕೆಡುವುದು, ಹಿಟ್ಲರನಿಗೆ ರಾಕೆಟ್ ಮಾಡಿಕೊಟ್ಟ ವಿಜ್ಞಾನಿ ಆಮೇಲೆ ಅಮೆರಿಕಕ್ಕೂ ಮಾಡಿಕೊಡುವುದು. ವಾರದ ಸುದ್ದಿಯಿಂದ ಎದ್ದ ಹಾಡೇ, ಆದರೆ ಕೈ ಹಾಕಿದ್ದು ವಾರದಲ್ಲಿ ಮುಗಿಯದ ವಿಷಯಕ್ಕೆ. ಬರೆದದ್ದೂ ಕಡಿಮೆ. 1970ರ ದಶಕದಿಂದ ಹೆಚ್ಚುಕಡಿಮೆ ಬರೆಯುವುದನ್ನೇ ಬಿಟ್ಟು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಪಾಠ ಮಾಡಿಕೊಂಡು ಇದ್ದುಬಿಟ್ಟರು. 2020ರಲ್ಲಿ ತಮ್ಮ ಪದಗಳನ್ನೆಲ್ಲ ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಹಕ್ಕು ಬಿಟ್ಟುಕೊಟ್ಟರು. 2025ರ ಜುಲೈನಲ್ಲಿ ತೊಂಬತ್ತೇಳರ ವಯಸ್ಸಿನಲ್ಲಿ ಹೋದರು. ಹಾಡು ಉಳಿಯಿತು, ಆ ಟಿವಿ ಕಾರ್ಯಕ್ರಮ ಒಂದೂವರೆ ವರ್ಷವೂ ಇರಲಿಲ್ಲ. ರಸೆಲ್‌ಗೆ ವೃತ್ತಿ ಉಳಿಯಿತು, ಹಾಡು ಉಳಿಯಲಿಲ್ಲ. ಯಾರು ದೊಡ್ಡವರು ಅಂತ ನಾನು ಹೇಳಲಾರೆ. ಆಯಾ ವಾರ ಜನರ ಜೊತೆ ನಿಂತು, ಆ ವಾರದ ಸುಳ್ಳನ್ನು ಆ ವಾರವೇ ಹಾಡಿ ತೋರಿಸುವುದು ಕೀಳು ಕೆಲಸ ಖಂಡಿತ ಅಲ್ಲ. ನಮ್ಮಲ್ಲೂ ಮಾಸ್ಟರ್ ಹಿರಣ್ಣಯ್ಯನವರು ಬೆಳಗಿನ ಸುದ್ದಿಯನ್ನು ಅದೇ ರಾತ್ರಿಯ ನಾಟಕದ ಮಾತಿಗೆ ತಂದು ಸೇರಿಸುತ್ತಿದ್ದರು. ಆ ಮಾತುಗಳಲ್ಲಿ ಎಷ್ಟೋ ಎಲ್ಲೂ ದಾಖಲಾಗಿಲ್ಲ, ಆದರೂ ಕೇಳಿದವರು ಮರೆತಿಲ್ಲ.

ಇನ್ನು ನಿಮ್ಮ ಕೈಕೆಲಸಕ್ಕೆ ಬರೋಣ. ಇಂಗ್ಲಿಷ್‌ನ ಈ ಹಾಡುಗಳು ನಿಂತಿರುವುದು ಅಂತ್ಯಪ್ರಾಸದ ಮೇಲೆ. ಸಾಲಿನ ಕೊನೆಯ ಪದದಲ್ಲೇ ನಗು ಬೀಳುತ್ತದೆ. ಕನ್ನಡದಲ್ಲಿ ಸಾಲಿನ ಕೊನೆಗೆ ಕ್ರಿಯಾಪದ ಬಂದು ಕೂರುತ್ತದೆ, ಹಾಗಾಗಿ ಬರ್ತಾರೆ, ಹೋಗ್ತಾರೆ, ತಿಂತಾರೆ ಅಂತ ಪ್ರಾಸ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಕ್ಕ ಪ್ರಾಸಕ್ಕೆ ಯಾರೂ ನಗುವುದಿಲ್ಲ, ಕೇಳುವವರು ನಿಮಗಿಂತ ಮೊದಲೇ ಸಾಲು ಮುಗಿಸಿರುತ್ತಾರೆ. ಕ್ರಿಯಾಪದವನ್ನು ಹಿಂದಕ್ಕೆ ತಳ್ಳಿ ಕೊನೆಗೆ ನಾಮಪದ ತನ್ನಿ. ಉದಾಹರಣೆಗೆ ಈಗ ಕಟ್ಟಿದ್ದು:

ಕೈಮುಗಿದು ಬಂದಿದ್ರು ನಮ್ಮೂರ ಪೇಟೆಗೆ,
ಗೆದ್ದದ್ದೇ ತಡ, ಹತ್ತಿದ್ರು ಬಸ್ಸು ರೆಸಾರ್ಟಿಗೆ.

ದೊಡ್ಡ ಕವಿತೆ ಅಲ್ಲ ಇದು. ಆದರೆ ‘ರೆಸಾರ್ಟಿಗೆ’ ಅನ್ನುವುದು ಕೊನೆಯಲ್ಲಿ ಬಂದದ್ದರಿಂದ ಅಲ್ಲಿಯವರೆಗೆ ಕೇಳುವವರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಾಗುವುದಿಲ್ಲ. ‘ರೆಸಾರ್ಟಿಗೆ ಹೋಗಿಬಿಟ್ರು’ ಅಂತ ಮುಗಿಸಿ ನೋಡಿ, ನಗು ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು: ನಗು ಬೀಳುವ ಜಾಗದಲ್ಲಿ ತಕ್ಷಣ ಮುಂದಿನ ಸಾಲಿಗೆ ಓಡಬೇಡಿ. ಹಾರ್ಮೋನಿಯಂನಲ್ಲಿ ಲೆಹರಾ ಹಿಡಿದ ಹಾಗೆ ಅದೇ ಸ್ವರಗಳನ್ನು ಸುತ್ತಿಸುತ್ತಾ ಒಂದು ಆವರ್ತ ಕಾಯಿರಿ. ಜನ ನಕ್ಕು ಮುಗಿಸಲಿ. ನೀವು ಮೊಬೈಲ್ ಮುಂದೆ ಒಬ್ಬರೇ ಕೂತು ಹಾಡುವುದರಿಂದ ಈ ಕಾಯುವುದು ಅಭ್ಯಾಸ ಆಗುವುದಿಲ್ಲ. ಅದಕ್ಕೆ ಎದುರಿಗೆ ಜನ ಬೇಕು. ನಿಮ್ಮ ಊರಿನ ವಕೀಲರ ಸಂಘ, ಪತ್ರಕರ್ತರ ಸಂಘ, ಸರ್ಕಾರಿ ನೌಕರರ ಸಂಘದ ವಾರ್ಷಿಕೋತ್ಸವಗಳಲ್ಲಿ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಒಳಗಿನ ಸುದ್ದಿ ಗೊತ್ತಿರುವ ಜನ ಅಲ್ಲೇ ಇರುವುದು.

ಕೊನೆಗೆ ಟ್ಯೂನ್. ಅಮೆರಿಕದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್, ಮೂಲ ಹಾಡನ್ನೇ ಗೇಲಿ ಮಾಡುವ ಅಣಕು ಹಾಡಿಗೆ ಕಾನೂನಿನ ರಕ್ಷಣೆ ಸಿಗಬಹುದು ಅಂದಿತು. ಆದರೆ ಟ್ಯೂನನ್ನು ಬರೀ ವಾಹನ ಮಾಡಿಕೊಂಡು ಬೇರೆ ಯಾರನ್ನೋ ಗೇಲಿ ಮಾಡಿದರೆ ಆ ವಾದ ದುರ್ಬಲ ಆಗುತ್ತದೆ. ನೀವು ಮಾಡುತ್ತಿರುವುದು ಈ ಎರಡನೆಯದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ವಿಮರ್ಶೆಗೆ, ಸುದ್ದಿ ವರದಿಗೆ ವಿನಾಯಿತಿ ಇದೆ, ಅಣಕು ಹಾಡು ಅಂತ ಹೆಸರು ಹಿಡಿದು ಹೇಳಿಲ್ಲ. ಸಿನಿಮಾ ಹಾಡಿನ ಹಕ್ಕು ಇರುವುದು ಸಾಮಾನ್ಯವಾಗಿ ಆಡಿಯೋ ಕಂಪನಿ ಹತ್ತಿರ. ಯೂಟ್ಯೂಬ್‌ನಲ್ಲಿ ಅವರು ಹಕ್ಕು ಹೇಳಿದರೆ ವಿಡಿಯೋ ಇಳಿಯಬಹುದು, ಇಲ್ಲ ಬರುವ ದುಡ್ಡು ಅವರಿಗೆ ಹೋಗಬಹುದು. ದೊಡ್ಡ ಮಟ್ಟದಲ್ಲಿ ಮಾಡುವುದಾದರೆ ಒಬ್ಬ ವಕೀಲರನ್ನು ಕೇಳಿ.

ಅದರ ಬದಲು ಲಾವಣಿ, ಗೀಗೀ ಪದದ ಹಳೆಯ ಮಟ್ಟುಗಳಿವೆ. ಅವು ಯಾರೊಬ್ಬರ ಸ್ವತ್ತೂ ಅಲ್ಲ. ಅದರಲ್ಲೂ ಗೀಗೀ ಪದದಲ್ಲಿ ಮೇಳದವರು ಗೀ ಗೀ ಅಂತ ದನಿಗೂಡಿಸುವ ಹೊತ್ತಿದೆಯಲ್ಲ, ಜನ ನಗುವುದಕ್ಕೆ ಜಾಗ ಅಲ್ಲೇ ತಯಾರಾಗಿ ಇದೆ. ಈಗಾಗಲೇ ಸಿನಿಮಾ ಟ್ಯೂನ್‌ಗೆ ಕಟ್ಟಿರುವ ನಿಮ್ಮ ಹಾಡುಗಳಲ್ಲಿ ಚೆನ್ನಾಗಿ ಓಡಿದ ಆ ಎರಡನ್ನು ತೆಗೆದುಕೊಂಡು ಅದೇ ಪದಗಳನ್ನು ಹಳೆಯ ಮಟ್ಟಿಗೆ ಕೂರಿಸಿ, ನಾಲ್ಕು ಜನರ ಮುಂದೆ ಹಾಡಿ. ಆಗಲೂ ನಕ್ಕರೆ ಪದಗಳಲ್ಲಿ ಜೀವ ಇದೆ. ನಗದಿದ್ದರೆ ಜನ ಅವತ್ತು ಖುಷಿಪಟ್ಟದ್ದು ಸಿನಿಮಾ ಹಾಡಿಗೆ, ಪದಗಳನ್ನು ಮತ್ತೆ ಬರೆಯಬೇಕು.